ಖಾತರಿಪತ್ರದ ಆಚೆಗಿನ ಹೊಣೆ: ಮೋಟಾರು ಕಾರಿನ ಸುರಕ್ಷಾ ಸಾಧನಗಳ ದೋಷ ಕುರಿತು ಒಂದು ವಿವೇಚನೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದಾಗ ಮೋಟಾರು ಕಾರು ಸಿರಿವಂತರ ಸೊತ್ತಾಗಿತ್ತು. ಉಳಿದವರಿಗೆ ಸೈಕಲ್ಲು, ಜಟಕಾ, ಬಸ್ಸುಗಳೇ ಗತಿ. ಕಾಲ ಸರಿದಂತೆ ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳು ಒಂದಕ್ಕೊಂದು ತಾಗುವಂತೆ ಬೆಳೆದವು. ಜಯನಗರದ ಪ್ರಾದೇಶಿಕ ಸಾರಿಗೆ ಕಚೇರಿಯ ‘ಕೆಎ 05’ ಎಂಬ ಗುರುತನ್ನು ಹೊತ್ತ ವಾಹನಗಳು ಈ ಬೀದಿಗಳನ್ನು ತುಂಬಿದವು. ಇಂದು ಶಾಲಾ ಉಪಾಧ್ಯಾಯರ ಮನೆಯ ಮುಂದೆಯೂ ಕಂತಿನ ಸಾಲದಿಂದ ಕೊಂಡ ಕಾರೊಂದು ನಿಂತಿರುವುದು ಅಪರೂಪವಲ್ಲ. ಹಬ್ಬಕ್ಕೆ ಊರಿಗೆ, ಜಾತ್ರೆಗೆ ಮಠಕ್ಕೆ, ಮದುವೆಗೆ ನೆಂಟರ ಮನೆಗೆ ಇಡೀ ಕುಟುಂಬವೇ ಅದರಲ್ಲಿ ಕುಳಿತು ಪಯಣಿಸುತ್ತದೆ.

ಕಾರನ್ನು ಕೊಳ್ಳುವಾಗ ಜನರು ಬೆಲೆಯನ್ನು ಕೇಳುತ್ತಾರೆ, ಲೀಟರಿಗೆ ಎಷ್ಟು ದೂರ ಓಡುವುದೆಂದು ಕೇಳುತ್ತಾರೆ, ಈಚೆಗೆ ಎಷ್ಟು ಏರ್‌ಬ್ಯಾಗುಗಳಿವೆಯೆಂದೂ ಕೇಳುತ್ತಾರೆ. ಆದರೆ ಆ ಏರ್‌ಬ್ಯಾಗು ಆಪತ್ಕಾಲದಲ್ಲಿ ಅರಳದೆ ಹೋದರೆ ಹೊಣೆ ಯಾರದು ಎಂದು ಕೇಳುವವರು ವಿರಳ. ತಯಾರಕನ ಹೊಣೆಯು ಖಾತರಿಪತ್ರದಲ್ಲಿ ಅಚ್ಚಾದಷ್ಟೇ ಆಗಿದೆಯೋ, ಅದರ ಆಚೆಗೂ ಚಾಚಿದೆಯೋ? ಪ್ರಾಣಕ್ಕೆ ಸಂಬಂಧಿಸಿದ ಈ ಪ್ರಶ್ನೆಯನ್ನು ಕಾನೂನು, ಯಂತ್ರಶಾಸ್ತ್ರ ಮತ್ತು ನೀತಿ ಎಂಬ ಮೂರು ನೆಲೆಗಳಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸುರಕ್ಷಾ ಸಾಧನದ ವೈಶಿಷ್ಟ್ಯ

ನಮ್ಮ ದೇಶದಲ್ಲಿ ಕಾರಿನ ಮುಂದಿನ ಆಸನಗಳಿಗೆ ಸೀಟ್ ಬೆಲ್ಟ್ ಅಳವಡಿಸುವುದು 1994ರಲ್ಲಿ ಕಡ್ಡಾಯವಾಯಿತು. ಚಕ್ರಗಳು ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕು 2019ರ ಏಪ್ರಿಲ್‌ನಿಂದಲೂ, ಚಾಲಕನ ಏರ್‌ಬ್ಯಾಗು ಅದೇ ವರ್ಷದ ಜುಲೈ 1ರಿಂದಲೂ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದವು. ಚಾಲಕನ ಪಕ್ಕದ ಆಸನಕ್ಕೂ ಏರ್‌ಬ್ಯಾಗು ಇರಲೇಬೇಕೆಂಬ ನಿಯಮವು 2022ರ ಆರಂಭದಿಂದ ಎಲ್ಲ ಕಾರುಗಳಿಗೂ ಅನ್ವಯವಾಯಿತು. 2023ರ ಅಕ್ಟೋಬರ್ 1ರಿಂದ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿ, ನಕ್ಷತ್ರಗಳ ಲೆಕ್ಕದಲ್ಲಿ ದರ್ಜೆ ನೀಡುವ ‘ಭಾರತ್ ಎನ್‌ಕ್ಯಾಪ್’ ವ್ಯವಸ್ಥೆಯೂ ಜಾರಿಗೆ ಬಂದಿತು. ಒಂದು ಕಾಲಕ್ಕೆ ಶ್ರೀಮಂತರ ವಾಹನಗಳ ಆಭರಣಗಳಂತಿದ್ದ ಸಾಧನಗಳು ಹೀಗೆ ಸಾಮಾನ್ಯ ಕುಟುಂಬದ ಹಕ್ಕುಗಳಾದವು.

ಇವುಗಳ ಕಾರ್ಯವಿಧಾನವನ್ನು ಸ್ಥೂಲವಾಗಿಯಾದರೂ ಅರಿಯುವುದು ಅವಶ್ಯ. ಓಡುತ್ತಿರುವ ವಾಹನವು ಹಠಾತ್ತನೆ ನಿಂತಾಗ ಒಳಗಿನ ಮನುಷ್ಯನ ದೇಹವು ಜಡತ್ವದಿಂದಾಗಿ ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಸೀಟ್ ಬೆಲ್ಟು ದೇಹವನ್ನು ಹಿಡಿದು ನಿಲ್ಲಿಸುತ್ತದೆ. ಏರ್‌ಬ್ಯಾಗು ತಲೆ ಮತ್ತು ಎದೆಗಳು ಗಟ್ಟಿ ಭಾಗಗಳಿಗೆ ಅಪ್ಪಳಿಸದಂತೆ ಮೆತ್ತೆಯಾಗುತ್ತದೆ. ಡಿಕ್ಕಿಯ ರಭಸವನ್ನು ಸಂವೇದಕಗಳು ಗ್ರಹಿಸಿ, ಸಾಮಾನ್ಯವಾಗಿ ಕಾರಿನ ನಡುಭಾಗದಲ್ಲಿ ನೆಲಕ್ಕೆ ಹತ್ತಿರವಿರುವ ನಿಯಂತ್ರಕ ಪೆಟ್ಟಿಗೆಗೆ ತಿಳಿಸುತ್ತವೆ. ಅದು ವಿದ್ಯುತ್ ಕಿಡಿಯಿಂದ ರಾಸಾಯನಿಕವೊಂದನ್ನು ಉರಿಸುತ್ತದೆ. ಅದರಿಂದ ಹೊರಟ ಅನಿಲವು ಚೀಲವನ್ನು ಸೆಕೆಂಡಿನ ಸುಮಾರು ಮೂವತ್ತನೆಯ ಒಂದು ಭಾಗದಷ್ಟು ಕಾಲದಲ್ಲಿ ತುಂಬುತ್ತದೆ. ಕಣ್ಣು ಮಿಟುಕಿಸುವುದಕ್ಕೂ ಇದಕ್ಕಿಂತ ಹೆಚ್ಚು ಸಮಯ ಬೇಕು.

ಇಲ್ಲಿಯೇ ಸಮಸ್ಯೆಯ ಮೂಲವಿದೆ. ಗಾಜು ಒರೆಸುವ ವೈಪರು ಕೆಟ್ಟರೆ ಮೊದಲ ಮಳೆಯಲ್ಲೇ ತಿಳಿಯುತ್ತದೆ. ಗೇರು ಬಿಗಿಯಾದರೆ ಬನಶಂಕರಿಯಿಂದ ಸಿಲ್ಕ್ ಬೋರ್ಡ್ ತಲುಪುವುದರೊಳಗೆ ಕೈಗೆ ಗೊತ್ತಾಗುತ್ತದೆ. ಏರ್‌ಬ್ಯಾಗಾದರೋ ವರ್ಷಗಟ್ಟಲೆ ಮೌನವಾಗಿ ಮಡಿಸಿಟ್ಟಂತೆಯೇ ಇರುತ್ತದೆ. ಅದನ್ನು ಬಿಚ್ಚಿ ನೋಡಲಾಗದು, ಊದಿ ಪರೀಕ್ಷಿಸಲಾಗದು. ಅದರ ಪರೀಕ್ಷೆ ನಡೆಯುವುದು ಜೀವಮಾನದಲ್ಲಿ ಒಂದೇ ಬಾರಿ. ಆ ಪರೀಕ್ಷೆಯಲ್ಲಿ ಅದು ಸೋತರೆ ಮರುಪರೀಕ್ಷೆಗೆ ಅವಕಾಶವಿಲ್ಲ. ಆದುದರಿಂದ ಕೊಳ್ಳುವವನು ತಯಾರಕನ ಮಾತನ್ನು ನಂಬುವುದರ ಹೊರತು ಬೇರೆ ದಾರಿಯನ್ನು ಕಾಣನು. ನಂಬಿಕೆ ಎಷ್ಟು ಅನಿವಾರ್ಯವೋ ಹೊಣೆಯೂ ಅಷ್ಟೇ ಭಾರವಾಗಿರಬೇಕೆಂಬುದು ನ್ಯಾಯ.

ಇಷ್ಟಾದರೂ ಏರ್‌ಬ್ಯಾಗು ಅರಳದ ಪ್ರತಿಯೊಂದು ಪ್ರಸಂಗವೂ ದೋಷವೆಂದು ಭಾವಿಸುವುದು ತಪ್ಪು. ಮುಂದಿನ ಏರ್‌ಬ್ಯಾಗುಗಳು ಮುಂದುಗಡೆಯ ಪ್ರಬಲ ಡಿಕ್ಕಿಗೆಂದೇ ರೂಪಿಸಲ್ಪಟ್ಟವು. ಹಿಂದಿನಿಂದ ತಗುಲಿದ ಪೆಟ್ಟಿಗೆ, ವಾಹನಗಳ ದಟ್ಟಣೆಯಲ್ಲಿ ನಿಧಾನವಾಗಿ ಸಾಗುವಾಗ ಆದ ಒರಸಾಟಕ್ಕೆ, ರಸ್ತೆಯ ಉಬ್ಬಿನ ಕುಲುಕಾಟಕ್ಕೆ ಅವು ಅರಳಬಾರದು. ದೂರು ನೀಡುವ ಮುನ್ನ ಈ ವಿವೇಕ ಅಗತ್ಯ.

ಖಾತರಿಪತ್ರದ ಮಿತಿ

ಹೊಸ ಕಾರಿನೊಡನೆ ಬರುವ ಕಿರುಪುಸ್ತಕದಲ್ಲಿ ಖಾತರಿಯ ನಿಬಂಧನೆಗಳಿರುತ್ತವೆ. ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರು, ಇವೆರಡರಲ್ಲಿ ಯಾವುದು ಮೊದಲು ಮುಗಿಯುವುದೋ ಅಲ್ಲಿಯವರೆಗೆ ಎಂಬುದು ಇಂದು ಹಲವು ತಯಾರಕರು ನೀಡುವ ಅವಧಿ. ಸಾಮಗ್ರಿಯಲ್ಲಾಗಲಿ ಕೆಲಸಗಾರಿಕೆಯಲ್ಲಾಗಲಿ ದೋಷ ಕಂಡುಬಂದರೆ ಆ ಭಾಗವನ್ನು ಉಚಿತವಾಗಿ ಸರಿಪಡಿಸುವುದು ಅಥವಾ ಬದಲಾಯಿಸುವುದು ಅದರ ಸಾರ. ಸವೆಯುವ ಭಾಗಗಳು, ಅಪಘಾತದ ಹಾನಿ, ಅಧಿಕೃತವಲ್ಲದ ಗ್ಯಾರೇಜಿನಲ್ಲಿ ಆದ ಮಾರ್ಪಾಟು, ನೀರು ನುಗ್ಗಿದುದರಿಂದ ಆದ ಕೆಡುಕು ಮುಂತಾದವು ಸಾಮಾನ್ಯವಾಗಿ ಅದರ ಹೊರಗೆ ಉಳಿಯುತ್ತವೆ.

ಗೇರಿಗೋ ಕಿಟಕಿಯ ಮೋಟಾರಿಗೋ ಈ ಏರ್ಪಾಡು ಸಾಕು. ಸುರಕ್ಷಾ ಸಾಧನಕ್ಕೆ ಇದು ಸಾಲದು. ಅಪಘಾತದಲ್ಲಿ ಅರಳದ ಏರ್‌ಬ್ಯಾಗಿಗೆ ಪ್ರತಿಯಾಗಿ ಹೊಸದೊಂದನ್ನು ಜೋಡಿಸಿ ಕೊಡುವುದರಿಂದ ಮುರಿದ ಮೂಳೆ ಕೂಡುವುದಿಲ್ಲ. ಇದಲ್ಲದೆ ಅವಧಿಯ ಪ್ರಶ್ನೆಯೂ ಉಂಟು. ಅಪಘಾತವು ಖಾತರಿಯ ದಿನಾಂಕವನ್ನು ನೋಡಿಕೊಂಡು ಬರುವುದಿಲ್ಲ.

ಈ ಕೊರತೆಯನ್ನು ಕಾನೂನು ಬಹುಕಾಲದ ಹಿಂದೆಯೇ ಗುರುತಿಸಿತ್ತು. 1930ರ ಸರಕುಗಳ ಮಾರಾಟ ಅಧಿನಿಯಮದ 16ನೆಯ ಕಲಮು, ಕೊಳ್ಳುವವನು ಮಾರುವವನ ಪರಿಣತಿಯನ್ನು ನಂಬಿ ಸರಕನ್ನು ಕೊಂಡಾಗ ಅದು ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಅಲಿಖಿತ ಷರತ್ತನ್ನು ಕೆಲವು ಸಂದರ್ಭಗಳಲ್ಲಿ ಒಪ್ಪುತ್ತದೆ. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಸಾಮಾನ್ಯನಿಗೂ ಎಟುಕುವ ನ್ಯಾಯಪೀಠಗಳನ್ನು ಸ್ಥಾಪಿಸಿತು. ಅದರ ಸ್ಥಾನದಲ್ಲಿ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಅಧಿನಿಯಮವು ‘ಉತ್ಪನ್ನದ ಹೊಣೆ’ ಎಂಬ ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಿತು. ಅದರ 84ನೆಯ ಕಲಮಿನಂತೆ ತಯಾರಿಕೆಯ ದೋಷ, ವಿನ್ಯಾಸದ ದೋಷ, ನಿಗದಿತ ಗುಣಮಟ್ಟದಿಂದ ವಿಚಲನೆ, ಕೊಟ್ಟ ಖಾತರಿಗೆ ತಪ್ಪುವುದು, ಅಪಾಯದ ಬಗ್ಗೆ ಸಾಕಷ್ಟು ಎಚ್ಚರಿಕೆ ನೀಡದಿರುವುದು ಈ ಐದರಲ್ಲಿ ಯಾವುದರಿಂದ ವ್ಯಕ್ತಿಗೆ ಹಾನಿಯಾದರೂ ತಯಾರಕನು ಹೊಣೆಗಾರ. ಖಾತರಿಯನ್ನು ನೀಡುವಾಗ ತಾನು ಅಜಾಗರೂಕನಾಗಿರಲಿಲ್ಲವೆಂದು ಸಾಧಿಸಿ ತೋರಿಸಿದರೂ ಆತನಿಗೆ ಬಿಡುಗಡೆಯಿಲ್ಲ.

ನ್ಯಾಯಾಲಯಗಳ ನಿಲುವು

ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಾಮಾನ್ಯ ಭಾಗಕ್ಕೂ ಸುರಕ್ಷಾ ಸಾಧನಕ್ಕೂ ಇರುವ ಅಂತರ ಸ್ಪಷ್ಟವಾಗುತ್ತದೆ. 2006ರಲ್ಲಿ ಮಾರುತಿ ಉದ್ಯೋಗ್ ಸಂಸ್ಥೆಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ, ಖಾತರಿಯು ದೋಷಯುಕ್ತ ಭಾಗವನ್ನು ಸರಿಪಡಿಸುವುದಕ್ಕೆ ಅಥವಾ ಬದಲಿಸುವುದಕ್ಕೆ ಸೀಮಿತವಾಗಿರುವಾಗ ಇಡೀ ಕಾರನ್ನೇ ಬದಲಿಸಿಕೊಡಬೇಕೆಂದು ಆದೇಶಿಸುವುದು ಸರಿಯಲ್ಲವೆಂದು ನ್ಯಾಯಾಲಯವು ಅಭಿಪ್ರಾಯಪಟ್ಟಿತು.

ಹದಿನಾರು ವರ್ಷಗಳ ತರುವಾಯ, 2022ರ ಏಪ್ರಿಲ್ 20ರಂದು, ಹ್ಯುಂಡೈ ಸಂಸ್ಥೆಯ ಮೊಕದ್ದಮೆಯಲ್ಲಿ ಬಂದ ತೀರ್ಪು ಬೇರೆಯೇ ಬಗೆಯದು. 2015ರ ಆಗಸ್ಟ್‌ನಲ್ಲಿ ಕೊಂಡ ಕ್ರೆಟಾ ಕಾರೊಂದು 2017ರ ನವೆಂಬರ್‌ನಲ್ಲಿ ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತಕ್ಕೀಡಾಯಿತು. ಮುಂದಿನ ಏರ್‌ಬ್ಯಾಗುಗಳು ಅರಳಲಿಲ್ಲ. ಒಡೆಯರಿಗೆ ತೀವ್ರ ಗಾಯಗಳಾದವು. ದೆಹಲಿಯ ರಾಜ್ಯ ಆಯೋಗವು ಚಿಕಿತ್ಸೆ ಹಾಗೂ ಆದಾಯನಷ್ಟಕ್ಕೆ 2 ಲಕ್ಷ, ಮಾನಸಿಕ ಯಾತನೆಗೆ 50 ಸಾವಿರ, ಖರ್ಚಿಗೆ 50 ಸಾವಿರ ರೂಪಾಯಿಗಳನ್ನಲ್ಲದೆ ವಾಹನವನ್ನೂ ಬದಲಿಸಿ ಕೊಡುವಂತೆ ವಿಧಿಸಿತು. ಡಿಕ್ಕಿಯ ಬಲ ಸಾಲದೆಂದು ತಯಾರಕರು ವಾದಿಸಿದರು. ಕಾರಿನ ಮುಂಭಾಗವು ಜಜ್ಜಿಹೋಗಿದ್ದುದು ಛಾಯಾಚಿತ್ರಗಳಲ್ಲಿ ಕಾಣುತ್ತಿತ್ತು. ಡಿಕ್ಕಿಯ ವೇಗ ಮತ್ತು ಬಲಗಳ ಸಿದ್ಧಾಂತವನ್ನು ಲೆಕ್ಕಹಾಕಲು ಕೊಳ್ಳುವವನು ಭೌತವಿಜ್ಞಾನದ ಪಂಡಿತನಾಗಿರಬೇಕಿಲ್ಲವೆಂದು ನ್ಯಾಯಾಲಯವು ಹೇಳಿತು. ಘಟನೆಯೇ ತನ್ನ ಕಥೆಯನ್ನು ಹೇಳುತ್ತಿರುವಾಗ ತಜ್ಞರ ಸಾಕ್ಷ್ಯವಿಲ್ಲವೆಂಬ ಕಾರಣಕ್ಕೆ ದೂರು ಬಿದ್ದುಹೋಗದು. ಸಾಮಾನ್ಯ ವಿವೇಕವುಳ್ಳ ಕೊಳ್ಳುಗನು ನಿರೀಕ್ಷಿಸುವ ಸುರಕ್ಷತೆಯನ್ನು ಒದಗಿಸದ ತಯಾರಕನಿಗೆ ದಂಡರೂಪದ ಪರಿಹಾರವನ್ನು ವಿಧಿಸುವುದೂ ಯುಕ್ತವೆಂದು ಅದು ಸೂಚಿಸಿತು.

ಸಂಸ್ಥೆಗಳನ್ನು ನಡೆಸುವವರು 2024ರ ಜುಲೈ 9ರ ಇನ್ನೊಂದು ತೀರ್ಪನ್ನೂ ಗಮನಿಸಬೇಕು. ಕಂಪನಿಯೊಂದು ತನ್ನ ಅಧಿಕಾರಿಯ ಸ್ವಂತ ಉಪಯೋಗಕ್ಕೆ ಕೊಂಡ ಮರ್ಸಿಡಿಸ್ ಕಾರು 2006ರಲ್ಲಿ ಅಪಘಾತಕ್ಕೆ ಸಿಲುಕಿದಾಗ ಮುಂದಿನ ಏರ್‌ಬ್ಯಾಗುಗಳು ಅರಳಿರಲಿಲ್ಲ. ಸಂಸ್ಥೆಯ ಹೆಸರಿನಲ್ಲಿದೆಯೆಂಬ ಮಾತ್ರಕ್ಕೆ ಅದು ವಾಣಿಜ್ಯ ಉದ್ದೇಶದ ಖರೀದಿಯಾಗದು, ಉಪಯೋಗದ ಪ್ರಧಾನ ಉದ್ದೇಶವನ್ನು ನೋಡಬೇಕು ಎಂಬ ತತ್ತ್ವದ ಮೇಲೆ ಪರಿಹಾರವು ಸ್ಥಿರಪಟ್ಟಿತು. ಅಪಘಾತದಿಂದ ಅಂತಿಮ ತೀರ್ಪಿನವರೆಗೆ ಸಂದ ಕಾಲ ಹದಿನೆಂಟು ವರ್ಷ. ನ್ಯಾಯ ದೊರೆಯಿತೆಂಬುದು ಸಮಾಧಾನದ ಸಂಗತಿಯಾದರೂ, ಅಪಘಾತಕ್ಕೆ ಮೊದಲೇ ದೋಷವನ್ನು ಕಂಡುಹಿಡಿದು ಸರಿಪಡಿಸುವ ಮಾರ್ಗವು ಎಷ್ಟು ಶ್ರೇಯಸ್ಕರವೆಂಬುದನ್ನೂ ಈ ದೀರ್ಘ ಕಾಲವು ಸಾರುತ್ತದೆ.

ಹಿಂದಕ್ಕೆ ಕರೆಸುವ ಕರ್ತವ್ಯ

ಅಂತಹ ಮಾರ್ಗವೇ ‘ರೀಕಾಲ್’, ಅಂದರೆ ದೋಷದ ಶಂಕೆಯುಳ್ಳ ವಾಹನಗಳನ್ನು ತಯಾರಕನೇ ಹಿಂದಕ್ಕೆ ಕರೆಸಿ ಉಚಿತವಾಗಿ ಸರಿಪಡಿಸುವುದು. ಜಪಾನಿನ ತಕಾಟಾ ಸಂಸ್ಥೆಯ ಪ್ರಕರಣ ಇದಕ್ಕೆ ಜಗತ್ಪ್ರಸಿದ್ಧ ನಿದರ್ಶನ. ಅದರ ಏರ್‌ಬ್ಯಾಗುಗಳಲ್ಲಿ ಅನಿಲೋತ್ಪತ್ತಿಗೆ ಬಳಸಿದ ಅಮೋನಿಯಂ ನೈಟ್ರೇಟು ಉಷ್ಣ ಮತ್ತು ತೇವಗಳಿಂದ ಕಾಲಕ್ರಮೇಣ ಕೆಟ್ಟು, ಕಿಡಿ ತಗುಲಿದಾಗ ಅತಿರಭಸದಿಂದ ಉರಿಯುತ್ತಿತ್ತು. ಲೋಹದ ಡಬ್ಬಿ ಒಡೆದು ಚೂರುಗಳು ಪ್ರಯಾಣಿಕರಿಗೇ ಚುಚ್ಚುತ್ತಿದ್ದವು. ರಕ್ಷಿಸಬೇಕಾದುದೇ ಭಕ್ಷಿಸತೊಡಗಿತು. ಕೋಟಿಗಟ್ಟಲೆ ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಯಿತು. 2017ರಲ್ಲಿ ಆ ಸಂಸ್ಥೆಯು ದಿವಾಳಿತನಕ್ಕೆ ಶರಣಾಯಿತು.

ಈ ಪ್ರಕರಣವು ಕನ್ನಡ ನಾಡನ್ನೂ ಮುಟ್ಟಿತು. ಬನಶಂಕರಿಯಿಂದ ಒಂದು ಗಂಟೆಯ ಪಯಣದಷ್ಟು ದೂರದ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿದೆ. 2010ರಿಂದ 2012ರವರೆಗೆ ತಯಾರಾದ ಕರೋಲಾ ಆಲ್ಟಿಸ್ ಕಾರುಗಳನ್ನು ಈ ಸಂಸ್ಥೆಯು 2017ರಲ್ಲಿ ಕರೆಸಿ, ಏರ್‌ಬ್ಯಾಗಿನ ಅನಿಲ ಸಾಧನವನ್ನು ಬದಲಿಸುವ ಕಾರ್ಯವನ್ನು ಕೈಗೊಂಡಿತು. ಅದೇ ವರ್ಷ ಹೋಂಡಾ ಸಂಸ್ಥೆಯು ಇದೇ ಕಾರಣಕ್ಕೆ 41,580 ಕಾರುಗಳನ್ನು ಕರೆಸಿತು. ನಾಲ್ಕಾರು ವರ್ಷ ಹಳೆಯದಾದ ಕಾರಿಗೆ ಖಾತರಿಯ ಅವಧಿ ಮುಗಿದಿದ್ದರೂ ಸುರಕ್ಷತೆಯ ಹೊಣೆ ಮುಗಿದಿರಲಿಲ್ಲ ಎಂಬುದು ಇಲ್ಲಿ ಮನನೀಯ.

2023ರ ಜನವರಿಯಲ್ಲಿ ಏರ್‌ಬ್ಯಾಗಿನ ನಿಯಂತ್ರಕದಲ್ಲಿ ದೋಷದ ಶಂಕೆ ತೋರಿ ಮಾರುತಿ ಸುಝುಕಿ ಸಂಸ್ಥೆಯು 17,362 ವಾಹನಗಳನ್ನೂ, ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯು 1,390 ವಾಹನಗಳನ್ನೂ ಕರೆಸಿದವು. ಅವೆಲ್ಲವೂ 2022ರ ಡಿಸೆಂಬರ್ 8ರಿಂದ 2023ರ ಜನವರಿ 12ರ ನಡುವೆ ತಯಾರಾದವು. ಭಾಗವು ಬದಲಾಗುವವರೆಗೆ ವಾಹನವನ್ನು ಓಡಿಸಬೇಡಿರೆಂದು ಒಡೆಯರಿಗೆ ಎಚ್ಚರಿಕೆಯನ್ನೂ ನೀಡಲಾಯಿತು. ತಯಾರಕನು ಸ್ವತಃ ದೋಷವನ್ನು ಸಾರಿ ಹೇಳುವುದು ಅಪಮಾನವಲ್ಲ, ಕರ್ತವ್ಯಪ್ರಜ್ಞೆಯ ಗುರುತು ಎಂದು ಓದುಗರು ಎಣಿಸಬೇಕು.

2012ರಲ್ಲಿ ತಯಾರಕರ ಸಂಘದ ಸ್ವಯಂಪ್ರೇರಿತ ನಿಯಮಾವಳಿಯಾಗಿ ಮೊದಲಾದ ಈ ಪದ್ಧತಿಗೆ 2019ರ ಮೋಟಾರು ವಾಹನಗಳ ತಿದ್ದುಪಡಿ ಅಧಿನಿಯಮವು 110ಎ ಕಲಮಿನ ಮೂಲಕ ಕಾನೂನಿನ ಬಲವನ್ನು ಕೊಟ್ಟಿತು. ಚಾಲಕನಿಗಾಗಲಿ, ಪ್ರಯಾಣಿಕರಿಗಾಗಲಿ, ದಾರಿಹೋಕರಿಗಾಗಲಿ, ಪರಿಸರಕ್ಕಾಗಲಿ ಕೇಡು ತರಬಹುದಾದ ದೋಷವಿದ್ದರೆ ವಾಹನಗಳನ್ನು ಕರೆಸುವಂತೆ ಕೇಂದ್ರ ಸರ್ಕಾರವು ಆಜ್ಞಾಪಿಸಬಹುದು. ಆಗ ತಯಾರಕನು ಪೂರ್ಣ ಬೆಲೆಯನ್ನು ಮರಳಿಸಬೇಕು, ಇಲ್ಲವೆ ಅಂತಹುದೇ ಬೇರೆ ವಾಹನವನ್ನು ಕೊಡಬೇಕು, ಇಲ್ಲವೆ ದೋಷವನ್ನು ಸರಿಪಡಿಸಬೇಕು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತವೆ. ದಂಡವು 10 ಲಕ್ಷದಿಂದ 1 ಕೋಟಿ ರೂಪಾಯಿಗಳವರೆಗೆ ಇರಬಹುದು. ದೋಷವನ್ನು ತಾನಾಗಿಯೇ ತಿಳಿಸಿ ಕರೆಸಿದ ತಯಾರಕನಿಗೆ ದಂಡವಿಲ್ಲ. ಪ್ರಾಮಾಣಿಕತೆಗೆ ಕಾನೂನು ಕೊಟ್ಟ ಮನ್ನಣೆಯಿದು.

ಒಡೆಯನ ಪಾಲಿನ ಕರ್ತವ್ಯ

ಹಕ್ಕಿನ ಜೊತೆಗೆ ಕರ್ತವ್ಯವೂ ಇದೆ. ಉತ್ಪನ್ನವನ್ನು ದುರುಪಯೋಗಪಡಿಸಿದ್ದರೆ ಅಥವಾ ಮಾರ್ಪಡಿಸಿದ್ದರೆ ಹೊಣೆಯಿಂದ ವಿನಾಯಿತಿ ಕೇಳಲು 2019ರ ಅಧಿನಿಯಮದ 87ನೆಯ ಕಲಮು ಅವಕಾಶ ನೀಡುತ್ತದೆ. ಆದುದರಿಂದ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕಾರನ್ನು ಅಲಂಕರಿಸುವ ಮುನ್ನ ಯೋಚಿಸಬೇಕು. ಮುಂಭಾಗಕ್ಕೆ ಬಿಗಿಯುವ ಕಬ್ಬಿಣದ ಬುಲ್ ಬಾರು ಡಿಕ್ಕಿಯ ರಭಸವು ಸಂವೇದಕಗಳನ್ನು ಸರಿಯಾಗಿ ತಲುಪದಂತೆ ಮಾಡಬಲ್ಲುದು. ಅಂತಹ ಜೋಡಣೆ ಕಾನೂನಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯವು 2017ರಲ್ಲಿಯೇ ತಿಳಿಸಿದೆ. ಆಸನದ ಪಕ್ಕದಲ್ಲಿ ಏರ್‌ಬ್ಯಾಗಿರುವ ಕಾರಿಗೆ ದಪ್ಪ ಹೊದಿಕೆ ಹೊಲಿಸಿದರೆ ಅದು ಅರಳಲು ಎಡೆಯೇ ಇರದು. ಬೆಲ್ಟು ಕಟ್ಟದೆಯೇ ಎಚ್ಚರಿಕೆಯ ಸದ್ದನ್ನು ಅಡಗಿಸುವ ಕ್ಲಿಪ್ಪುಗಳ ಮಾರಾಟವನ್ನು ನಿಲ್ಲಿಸುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ಐದು ಅಂತರಜಾಲ ಮಾರಾಟ ಸಂಸ್ಥೆಗಳಿಗೆ ಆದೇಶಿಸಿತು. ಕೆಲವು ರೂಪಾಯಿಗಳ ಆ ಕ್ಲಿಪ್ಪು ಪ್ರಾಣವನ್ನೂ ಪರಿಹಾರವನ್ನೂ ಒಟ್ಟಿಗೆ ಕಳೆಯಬಲ್ಲುದು.

ಮಳೆಗಾಲದ ಮಾತನ್ನೂ ಇಲ್ಲಿ ಹೇಳಬೇಕು. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಬಡಾವಣೆ ಮತ್ತು ಸಿಲ್ಕ್ ಬೋರ್ಡ್ ಸುತ್ತಮುತ್ತಲ ಬೀದಿಗಳು ಜಲಾವೃತವಾದವು. ಕಾರಿನೊಳಗೆ ನೀರು ನುಗ್ಗಿದರೆ ನೆಲಮಟ್ಟದ ನಿಯಂತ್ರಕ ಮತ್ತು ಆಸನದಡಿಯ ತಂತಿಗಳು ನೆನೆದು ಕೆಡಬಹುದು. ಇಂತಹ ಹಾನಿಗೆ ಖಾತರಿಗಿಂತ ವಿಮೆಯ ಮೊರೆಹೋಗಬೇಕಾಗುತ್ತದೆ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ಚಿಹ್ನೆಯ ದೀಪವು ಕೆಲವು ಸೆಕೆಂಡು ಬೆಳಗಿ ಆರಬೇಕು. ಆರದೆ ಉಳಿದರೆ, ಅಥವಾ ಬೆಳಗದೆಯೇ ಇದ್ದರೆ, ಅಂದೇ ಅಧಿಕೃತ ಕಾರ್ಯಾಗಾರಕ್ಕೆ ಒಯ್ದು ಲಿಖಿತ ದಾಖಲೆಯನ್ನು ಪಡೆಯಬೇಕು. ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ನಮೂದಿಸಿ ತಮ್ಮ ವಾಹನಕ್ಕೆ ಕರೆ ಬಂದಿದೆಯೇ ಎಂದು ನೋಡಬಹುದು. ಸೂಚನಾಪತ್ರವು ಮೊದಲ ಒಡೆಯನ ವಿಳಾಸಕ್ಕೆ ಹೋಗುವ ಸಂಭವವಿರುವುದರಿಂದ ಹಳೆಯ ಕಾರು ಕೊಂಡವರು ಇದನ್ನು ಮರೆಯಲೇಬಾರದು.

ದುರದೃಷ್ಟವಶಾತ್ ಅಪಘಾತವೇ ಸಂಭವಿಸಿ ಸಾಧನವು ಕೈಕೊಟ್ಟರೆ, ವಾಹನವನ್ನು ಸರಿಪಡಿಸುವ ಮುನ್ನ ಎಲ್ಲ ಬದಿಗಳಿಂದಲೂ ಛಾಯಾಚಿತ್ರ ತೆಗೆಸಬೇಕು. ಡಿಕ್ಕಿಯ ವಿವರಗಳನ್ನು ದಾಖಲಿಸಿಕೊಂಡಿರಬಹುದಾದ ನಿಯಂತ್ರಕ ಪೆಟ್ಟಿಗೆಯನ್ನು ಕಳಚಿ ಬಿಸಾಡಲು ಬಿಡಬಾರದು. ಪೊಲೀಸ್ ದೂರು, ಮೋಟಾರು ವಾಹನ ನಿರೀಕ್ಷಕರ ವರದಿ, ಆಸ್ಪತ್ರೆಯ ಕಾಗದಗಳು, ಸರ್ವಿಸ್ ಪುಸ್ತಕ ಇವೆಲ್ಲ ಜೋಪಾನವಾಗಿರಬೇಕು. ತಯಾರಕನ ಕಚೇರಿ ಚೆನ್ನೈಯಲ್ಲಿರಲಿ ದೆಹಲಿಯಲ್ಲಿರಲಿ, ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕೊಂಡ ಬೆಲೆ 50 ಲಕ್ಷ ರೂಪಾಯಿಗಳವರೆಗಿದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರವಿದೆ. 5 ಲಕ್ಷದವರೆಗೆ ಶುಲ್ಕವಿಲ್ಲ. 10 ಲಕ್ಷದವರೆಗೆ 200, 20 ಲಕ್ಷದವರೆಗೆ 400 ರೂಪಾಯಿ ಮಾತ್ರ. ಕಾರಣ ಒದಗಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ವಕೀಲರೇ ಬೇಕೆಂಬ ನಿರ್ಬಂಧವಿಲ್ಲ. 1915 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಯಲ್ಲಿಯೂ ಮಾರ್ಗದರ್ಶನ ದೊರೆಯುತ್ತದೆ.

ಉಪಸಂಹಾರ

ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಹೊಟ್ಟೆಪಾಡೆಂದು ಮಾತ್ರ ತಿಳಿಯಲಿಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಹಗ್ಗ ಕೊಳ್ಳುವವನು ಅದರ ಎಳೆಎಳೆಯನ್ನು ಬಿಚ್ಚಿ ನೋಡಲಾರ. ದೋಣಿ ಏರುವವನು ಅದರ ತಳವನ್ನು ಪರೀಕ್ಷಿಸಲಾರ. ಕಾಣದ ಕಡೆಯಲ್ಲೂ ಕೆಲಸ ಶುದ್ಧವಾಗಿರುವುದೇ ಸತ್ಯಶುದ್ಧ ಕಾಯಕ. ಇಂದಿನ ಕಾರ್ಖಾನೆಯಲ್ಲಿ ಏರ್‌ಬ್ಯಾಗನ್ನು ಮಡಿಸುವ ಕೈಗೂ, ಬೆಲ್ಟಿನ ಕೊಂಡಿಯನ್ನು ಕೂಡಿಸುವ ಕೈಗೂ ಸಲ್ಲುವ ಧರ್ಮ ಇದೇ. ಖಾತರಿಪತ್ರವು ಈ ಧರ್ಮದ ಒಂದು ಕಿರುಭಾಗವನ್ನು ಮಾತ್ರ ಬರೆದಿಡುತ್ತದೆ. ಉಳಿದುದನ್ನು ಈಗ ಕಾನೂನು ಎತ್ತಿಹಿಡಿದಿದೆ.

ಉಪಾಧ್ಯಾಯರು ಜಡತ್ವದ ಪಾಠವನ್ನು ಹೇಳುವಾಗ ಸೀಟ್ ಬೆಲ್ಟನ್ನೂ, ಪೌರನೀತಿಯ ಪಾಠದಲ್ಲಿ ಗ್ರಾಹಕ ಆಯೋಗವನ್ನೂ ಉದಾಹರಿಸಿದರೆ ವಿದ್ಯಾರ್ಥಿಗಳ ಮೂಲಕ ಈ ತಿಳಿವಳಿಕೆ ಮನೆಮನೆಗೆ ಮುಟ್ಟೀತು. ಇದೇ ಮಕ್ಕಳಲ್ಲಿ ಕೆಲವರು ನಾಳೆ ಬಿಡದಿಯ ಕಾರ್ಖಾನೆಯಲ್ಲಿ ಯಂತ್ರಶಿಲ್ಪಿಗಳಾಗಬಹುದು, ಕೆಲವರು ನ್ಯಾಯಪೀಠದಲ್ಲಿ ಕುಳಿತುಕೊಳ್ಳಬಹುದು, ಹಲವರು ಕುಟುಂಬವನ್ನು ಕೂರಿಸಿಕೊಂಡು ಕಾರು ನಡೆಸಬಹುದು. ತಯಾರಿಸುವವನಿಗೆ ಹೊಣೆಯೂ, ಕೊಳ್ಳುವವನಿಗೆ ಎಚ್ಚರವೂ ಎಳವೆಯಲ್ಲಿಯೇ ಮೈಗೂಡಿದರೆ ಆ ಒಂದು ಕ್ಷಣದ ಪರೀಕ್ಷೆಯಲ್ಲಿ ಉಳಿಯುವ ಪ್ರಾಣಗಳು ಅನೇಕ.